ಊರಿನ ಮರಗಳಿಗೆ ಸರಿಯಾದ ಹೆಸರು ಹಿಡಿಯುದು ಹೇಗೆ: ಊರ ಹೆಸರಿಂದ ಸೈಂಟಿಫಿಕ್ ಹೆಸರಿನ ತನಕ

ಮಲ್ಪೆ, ಕಾಪು ಕಡೆ ಯಾರ ಹತ್ರಾದ್ರೂ ಹೊನ್ನೆ ಮರ ಎಲ್ಲುಂಟು ಅಂತ ಕೇಳಿ ನೋಡಿ. ಸಮುದ್ರದ ಬದಿಯಲ್ಲಿ ದಪ್ಪ ಹೊಳೆಯುವ ಎಲೆ ಇರುವ, ಉರುಟು ಹಸಿರು ಕಾಯಿ ಬಿಡುವ, ಕರೆಂಟ್ ಇಲ್ಲದ ಕಾಲದಲ್ಲಿ ದೀಪಕ್ಕೆ ಎಣ್ಣೆ ತೆಗಿತಿದ್ದ ಮರ ತೋರಿಸ್ತಾರೆ. ಅದೇ ಪ್ರಶ್ನೆ ಘಟ್ಟದ ಕಡೆಯವರ ಹತ್ರ ಕೇಳಿದ್ರೆ ಬೇರೆಯೇ ಮರ, ತೊಗಟೆಗೆ ಕತ್ತಿ ತಾಗಿದ್ರೆ ಕೆಂಪು ಅಂಟು ಇಳಿಯುದು, ಅದರದ್ದೇ ಲೋಟ ಮಾಡಿ ಶುಗರ್ ಇರುವವರಿಗೆ ನೀರು ಕುಡಿಲಿಕ್ಕೆ ಅಂತ ಜಾತ್ರೆಯಲ್ಲಿ ಮಾರ್ತಾರಲ್ಲ, ಆ ನಾಟಾದ ಮರ. ಇಬ್ರು ಹೇಳಿದ್ದೂ ಸರಿಯೇ. ಮೊದಲನೇದು ಕ್ಯಾಲೊಫಿಲಮ್ ಇನೊಫಿಲಮ್, ಎರಡನೇದು ಟೆರೊಕಾರ್ಪಸ್ ಮಾರ್ಸುಪಿಯಮ್, ಒಂದಕ್ಕೊಂದು ಸಂಬಂಧವೇ ಇಲ್ಲ.

ಹಾಗಾಗಿ ಮನೆ ಸುತ್ತ, ಊರ ಸುತ್ತ ಇರುವ ಮರಗಳ ಒಂದು ಪಟ್ಟಿ ಮಾಡುವ ಅಂತ ಆಸೆ ಇರುವವರಿಗೆ, ಶಾಲೆ ಮಕ್ಕಳಿಗೆ ಪ್ರಾಜೆಕ್ಟ್ ಮಾಡಿಸುವ ಟೀಚರ್‌ಗಳಿಗೆ, ನರ್ಸರಿಯಿಂದ ಗಿಡ ತಂದು ನೆಡುವವರಿಗೆ ಇದನ್ನು ಬರಿತಿದ್ದೇನೆ. ಬಾಟನಿ ಓದಿರ್ಬೇಕು ಅಂತೇನಿಲ್ಲ. ಒಂದು ಪುಸ್ತಕ ಅಥವಾ ಫೋನಲ್ಲಿ ಒಂದು ಎಕ್ಸೆಲ್ ಶೀಟ್, ಅದರಲ್ಲಿ ಮೂರು ಕಾಲಂ ಹಾಕಿ, ಊರ ಹೆಸರು, ಸೈಂಟಿಫಿಕ್ ಹೆಸರು, ಜಾಗ. ಹೆಚ್ಚಿನವರು ಮೊದಲೆರಡು ತುಂಬಿಸಿ ಮೂರನೇದನ್ನು ಖಾಲಿ ಬಿಡ್ತಾರೆ, ನನ್ನ ಪ್ರಕಾರ ಆ ಮೂರನೇ ಕಾಲಂ ಇಲ್ಲದಿದ್ರೆ ಪಟ್ಟಿಯಿಂದ ಎಂತ ಪ್ರಯೋಜನವೂ ಇಲ್ಲ ಮಾರ್ರೆ. ಜಾಗ ಬರೆದಿದ್ರೆ ಹೊನ್ನೆ ಯಾವ ಹೊನ್ನೆ ಅಂತ ಅರ್ಧ ಅಲ್ಲೇ ಗೊತ್ತಾಗ್ತದೆ.

ಮೊದಲನೇ ಕೆಲಸ: ಊರ ಹೆಸರು ಕೇಳುದು, ಕೇಳಿದ ಹಾಗೇ ಬರಿಯುದು

ಗೂಗಲ್ ಮಾಡುವ ಮೊದಲು ಮನುಷ್ಯರನ್ನು ಕೇಳಿ. ಮನೆಯ ಅಜ್ಜಿ, ಸೊಪ್ಪಿಗೆ ಗುಡ್ಡೆಗೆ ಹೋಗ್ತಿದ್ದ ದೊಡ್ಡಮ್ಮ, ಶೇಂದಿ ತೆಗೆಯುವ ಮೂರ್ತೆದಾರರು, ನಾಟಿ ಮದ್ದು ಕೊಡುವವರು, ಮರದ ಮಿಲ್ಲಲ್ಲಿ ಕೆಲಸ ಮಾಡುವವರು, ಇವರಿಗೆ ಗೊತ್ತಿರುದು ಯಾವ ಆಪ್‌ಗೂ ಗೊತ್ತಿಲ್ಲ. ಆದ್ರೆ ಹೆಸರು ಬರಿಯುವಾಗ ಅದು ಯಾವ ಭಾಷೆ, ಯಾವ ಊರು ಅಂತಲೂ ಪಕ್ಕದಲ್ಲಿ ಬರಿರಿ. ನಮ್ಮಲ್ಲಿ ಒಂದೇ ಮರಕ್ಕೆ ತುಳುವಲ್ಲಿ ಒಂದು, ಕೊಂಕಣಿಯಲ್ಲಿ ಇನ್ನೊಂದು, ಕುಂದಾಪ್ರ ಕನ್ನಡದಲ್ಲಿ ಮತ್ತೊಂದು, ಬ್ಯಾರಿಯಲ್ಲಿ ಬೇರೆ. ಮಾವು ತುಳುವಿನವರಿಗೆ ಕುಕ್ಕು, ಕೊಂಕಣಿಯವರಿಗೆ ಆಂಬೊ, ಎಲ್ಲವೂ ಮ್ಯಾಂಗಿಫೆರಾ ಇಂಡಿಕಾ. ಇದು ಸುಲಭದ್ದು. ಕಕ್ಕೆ ಅಂದ್ರೂ ಕೊಂದೆ ಅಂದ್ರೂ ಕ್ಯಾಸಿಯಾ ಫಿಸ್ಟುಲಾ, ಬಿಸುವಿಗೆ, ಅಂದ್ರೆ ಏಪ್ರಿಲ್ ಮಧ್ಯದ ತುಳು ಹೊಸ ವರ್ಷಕ್ಕೆ, ಹಳದಿ ಹೂ ತುಂಬಿಕೊಂಡು ನಿಲ್ಲುದು. ಬಕುಳ ಅಂತ ಪುಸ್ತಕದಲ್ಲಿ ಇರುದು ನಮ್ಮ ರೆಂಜೆ, ಮಿಮುಸಾಪ್ಸ್ ಎಲೆಂಜಿ.

ಕಷ್ಟ ಇರುದು ಒಂದೇ ಹೆಸರಲ್ಲಿ ನಾಲ್ಕು ಮರ ಇರುವಲ್ಲಿ. ಸಂಪಿಗೆಯನ್ನೇ ತೆಗೊಳ್ಳಿ. ಕೆಂಡಸಂಪಿಗೆ ಮ್ಯಾಗ್ನೋಲಿಯಾ ಚಂಪಕಾ, ನಾಗಸಂಪಿಗೆ ಮೆಸುವಾ ಫೆರಿಯಾ, ಗೋಸಂಪಿಗೆ ಅಂತ ದೈವಸ್ಥಾನದ ಎದುರು ಎಲೆ ಉದುರಿಸಿಕೊಂಡು ಬರೀ ಗೆಲ್ಲಲ್ಲಿ ನಿಲ್ಲುವ ಮರ ಪ್ಲುಮೇರಿಯಾ, ಅದು ಅಮೆರಿಕ ಖಂಡದಿಂದ ಬಂದದ್ದು. ಮೂರಕ್ಕೂ ಪರಿಮಳ ಉಂಟು ಅಂತ ಬಿಟ್ರೆ ಬೇರೆ ಎಂತ ನೆಂಟಸ್ತಿಕೆಯೂ ಇಲ್ಲ. ಕೆಲವರು ನಾಗಲಿಂಗ ಪುಷ್ಪದ ಮರವನ್ನೂ ನಾಗಸಂಪಿಗೆ ಅಂತ ಕರೆಯುದುಂಟು, ಅದು ಕೌರೌಪಿಟಾ ಗಯಾನೆನ್ಸಿಸ್, ಫುಟ್‌ಬಾಲ್ ಸೈಜಿನ ಕಾಯಿ ಕಾಂಡದಲ್ಲೇ ನೇತಾಡುದು, ದಕ್ಷಿಣ ಅಮೆರಿಕದ್ದು. ಧೂಪವೂ ಹಾಗೇ. ನಮ್ಮ ಹಳೆ ರಸ್ತೆಗಳ ಬದಿಯಲ್ಲಿ ಸಾಲಾಗಿ ನೆಟ್ಟ ಸಾಲುಧೂಪ ಅಥವಾ ಬಿಳಿಧೂಪ ವಟೇರಿಯಾ ಇಂಡಿಕಾ, ರಸ್ತೆ ಅಗಲ ಮಾಡುವಾಗ ಎಷ್ಟೋ ಹೋಯ್ತು. ಕಾಳಧೂಪ ಅಂದ್ರೆ ಕ್ಯಾನೇರಿಯಮ್ ಸ್ಟ್ರಿಕ್ಟಮ್, ಘಟ್ಟದ ಕಾಡಿನದ್ದು. ಹಾಲುಮಡ್ಡಿ ಬರುದು ಐಲಾಂತಸ್ ಟ್ರೈಫೈಸಾ ಅನ್ನುವ ಮೂರನೇ ಮರದಿಂದ. ಕೆಂಡದ ಮೇಲೆ ಹಾಕಿದ್ರೆ ಮೂರೂ ಪರಿಮಳದ ಹೊಗೆ ಬಿಡ್ತದೆ, ಹಾಗಾಗಿ ಬರೀ ಧೂಪದ ಮರ ಅಂತ ಬರೆದಿಟ್ರೆ ಆಮೇಲೆ ನಿಮಗೇ ಗೊತ್ತಾಗುದಿಲ್ಲ ಯಾವುದು ಅಂತ.

ಹಲಸಿನ ಕಡೆಯದ್ದು ಸ್ವಲ್ಪ ನಿಧಾನ ನೋಡ್ಬೇಕು, ಯಾಕಂದ್ರೆ ಇಲ್ಲಿ ಹೆಸರು ನೆಂಟಸ್ತಿಕೆ ನಿಜಕ್ಕೂ ಉಂಟು. ಹಲಸು, ತುಳುವಲ್ಲಿ ಪೆಲಕಾಯಿ, ಎಳತು ಇರುವಾಗ ಗುಜ್ಜೆ, ಇದು ಆರ್ಟೊಕಾರ್ಪಸ್ ಹೆಟೆರೊಫಿಲಸ್. ಹೆಬ್ಬಲಸು, ತುಳುವಲ್ಲಿ ಪೆಜಕಾಯಿ, ಲಿಂಬೆಗಿಂತ ಸ್ವಲ್ಪ ದೊಡ್ಡ ಮುಳ್ಳುಮುಳ್ಳು ಹಣ್ಣು, ಮರ ಮಾತ್ರ ಮುಗಿಲಿಗೆ ಹೋಗುದು, ಆರ್ಟೊಕಾರ್ಪಸ್ ಹಿರ್ಸುಟಸ್. ಎಲೆಯ ಅಡಿಗೆ ಬೆರಳು ಆಡಿಸಿದ್ರೆ ರೋಮ ಸಿಗ್ತದೆ, ಹಲಸಿನ ಎಲೆ ನುಣುಪು. ಹೆಬ್ಬಲಸು ಪಶ್ಚಿಮ ಘಟ್ಟ ಮತ್ತೆ ಅದರ ಬುಡದ ಕರಾವಳಿ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುದಿಲ್ಲ. ಇನ್ನು ಜೀಗುಜ್ಜೆ, ಪೋಡಿ ಮಾಡ್ತೇವಲ್ಲ ಅದು, ಎಲೆ ಕೈಯಗಲಕ್ಕಿಂತ ದೊಡ್ಡ, ಆಳಕ್ಕೆ ಸೀಳಿದ್ದು, ಆರ್ಟೊಕಾರ್ಪಸ್ ಆಲ್ಟಿಲಿಸ್, ಪೆಸಿಫಿಕ್ ದ್ವೀಪಗಳ ಕಡೆಯಿಂದ ಬಂದು ನಮ್ಮ ಹಿತ್ತಿಲಲ್ಲಿ ಸೆಟ್ಲ್ ಆದದ್ದು. ನಮ್ಮಲ್ಲಿ ಇರುದು ಹೆಚ್ಚಾಗಿ ಬೀಜ ಇಲ್ಲದ ತಳಿ, ಬೇರಿಂದ ಎದ್ದ ಮರಿ ಕಿತ್ತು ನೆಡುದು. ಒಂದು ಎಚ್ಚರಿಕೆ ಉಂಟು, ಎಳೆ ಹಲಸಿನ ಗಿಡದಲ್ಲೂ ಎಲೆ ಸೀಳು ಸೀಳಾಗಿ ಬರುದುಂಟು, ಸಣ್ಣ ಗಿಡ ನೋಡಿ ತೀರ್ಮಾನ ಮಾಡ್ಬೇಡಿ.

ಎರಡನೇ ಕೆಲಸ: ಜಾಗ ಬರಿಯುದು

ಜಾಗ ಅಂದ್ರೆ ಬರೀ ಊರ ಹೆಸರು ಸಾಕಾಗುದಿಲ್ಲ ಆಯ್ತಾ. ಉಡುಪಿ ಅಂತ ಬರೆದ್ರೆ ಸಮುದ್ರವೂ ಉಡುಪಿಯೇ, ಹೆಬ್ರಿಯ ಆಚೆ ಘಟ್ಟದ ಬುಡವೂ ಉಡುಪಿಯೇ. ನೆಲ ಎಂಥದ್ದು, ನೀರು ಎಷ್ಟು ಹತ್ರ, ನೆಟ್ಟದ್ದಾ ತಾನಾಗಿ ಬಂದದ್ದಾ, ಇಷ್ಟು ಬರೆದ್ರೆ ಸಾಕು. ನಾನು ಮಾಡುದು ಹೇಗಂದ್ರೆ ಪಡುವಿಂದ ಮೂಡಕ್ಕೆ ಬರುದು, ಸಮುದ್ರದಿಂದ ಶುರು ಮಾಡಿ ಘಟ್ಟದ ತನಕ, ಮರಗಳೂ ಅದೇ ಆರ್ಡರಲ್ಲಿ ಬದಲಾಗ್ತಾ ಹೋಗ್ತವೆ.

ಕಡಲ ಬದಿ: ಪಣಂಬೂರು, ಮಲ್ಪೆ, ಕಾಪು ಎಲ್ಲ ಬೀಚಲ್ಲಿ ಕಾಣುದು ಗಾಳಿಮರ, ಕ್ಯಾಸುವರಿನಾ ಇಕ್ವಿಸೆಟಿಫೋಲಿಯಾ. ಇದನ್ನು ಎಲ್ಲರೂ ನೋಡ್ತಾರೆ, ಯಾರೂ ಹತ್ರದಿಂದ ನೋಡುದಿಲ್ಲ. ಒಂದು ಹಸಿರು ಸೂಜಿ ಕಿತ್ತು ಎರಡೂ ಕಡೆ ಮೆಲ್ಲ ಎಳಿರಿ, ಟಕ್ ಅಂತ ಗಂಟಿನಲ್ಲಿ ಬಿಡ್ತದೆ. ಆ ಗಂಟಿನ ಸುತ್ತ ಕಣ್ಣಿಗೆ ಕಂಡೂ ಕಾಣದ ಹಾಗೆ ಆರೇಳು ಹಲ್ಲು ಇರ್ತದೆ ನೋಡಿ, ಎಲೆ ಅಂದ್ರೆ ಅದು. ನಾವು ಎಲೆ ಅಂತ ತಿಳ್ಕೊಂಡ ಸೂಜಿ ಇಡೀ ಒಂದು ಸಣ್ಣ ಗೆಲ್ಲು. ಫೋನಿನ ಕ್ಯಾಮೆರಾ ಝೂಮ್ ಮಾಡಿ ಫೋಟೋ ತೆಗೆದ್ರೆ ಮಕ್ಕಳಿಗೆ ತೋರಿಸ್ಲಿಕ್ಕೆ ಭಾರಿ ಲಾಯ್ಕಾಗ್ತದೆ. ಇದರ ಮಧ್ಯೆ ಅಲ್ಲಲ್ಲಿ ಮೊದಲು ಹೇಳಿದ ಎಣ್ಣೆಯ ಹೊನ್ನೆ, ಮತ್ತೆ ಕೇದಗೆ ಪೊದೆ. ಇಡ್ಲಿ ಹಿಟ್ಟು ಬೇಯಿಸ್ಲಿಕ್ಕೆ ಎಲೆಯ ಮೂಡೆ ಕಟ್ಟುವ ಮುಂಡೇವು ಕೂಡ ಕೇದಗೆಯ ಪ್ಯಾಂಡಾನಸ್ ಬಳಗದ್ದೇ.

ಹೊಳೆ, ಅಳಿವೆ: ಇಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ ಎಲ್ಲದಕ್ಕೂ ಒಂದೇ ಹೆಸರು, ಕಾಂಡ್ಲಾ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಯಾಕಿಂಗಿಗೆ ಹೋಗುವವರು, ಕುಂದಾಪುರದಲ್ಲಿ ಪಂಚಗಂಗಾವಳಿ ಹತ್ರ ಇರುವವರು ಸ್ವಲ್ಪ ಬೇರಿನ ಕಡೆ ಕಣ್ಣು ಹಾಕಿ. ಕಾಂಡದಿಂದ ಕಮಾನು ಕಮಾನಾಗಿ ಕೆಸರಿಗೆ ಇಳಿದ ಬೇರಿದ್ರೆ, ಉದ್ದುದ್ದ ನುಗ್ಗೆಕೋಡಿನ ಹಾಗಿನದ್ದು ನೇತಾಡ್ತಿದ್ರೆ ಅದು ರೈಜೋಫೊರಾ. ನೇತಾಡುದು ಬರೀ ಕೋಡು ಅಂತ ಕಂಡ್ರೂ, ಬೀಜ ಮರದಲ್ಲಿರುವಾಗಲೇ ಮೊಳಕೆ ಬಂದು ಇಳಿದದ್ದು, ಬಿದ್ದ ಕೂಡ್ಲೆ ಕೆಸರಿಗೆ ನಾಟಿಕೊಂಡು ಬದುಕ್ಲಿಕ್ಕೆ. ಕೆಸರಿಂದ ಪೆನ್ಸಿಲ್ ಥರ ಸಪೂರ ಬೇರು ಮೇಲಕ್ಕೆ ಎದ್ದಿದ್ರೆ ಅವಿಸೆನ್ನಿಯಾ, ಎಲೆ ಮುಟ್ಟಿ ನಾಲಗೆಗೆ ತಾಗಿಸಿದ್ರೆ ಉಪ್ಪು ಉಪ್ಪು, ಉಪ್ಪನ್ನು ಎಲೆಯಿಂದಲೇ ಹೊರಗೆ ಹಾಕುದು. ಮೇಲಕ್ಕೆ ಎದ್ದ ಬೇರು ಬುಡ ದಪ್ಪ ತುದಿ ಚೂಪಾಗಿದ್ರೆ ಸೊನೆರೇಶಿಯಾ. ಇಳಿತದ ಹೊತ್ತಿಗೆ ಹೋದ್ರೆ ಮಾತ್ರ ಇದೆಲ್ಲ ಕಾಣುದು, ಭರತಕ್ಕೆ ಹೋದ್ರೆ ಬರೀ ಎಲೆ. ಸ್ವಲ್ಪ ಮೇಲೆ ಸಿಹಿನೀರಿನ ದಡಕ್ಕೆ ಬಂದ್ರೆ ಹೊಂಗೆ, ಪೊಂಗಾಮಿಯಾ ಪಿನ್ನಾಟಾ, ನೀರಿಗೆ ಬಗ್ಗಿಕೊಂಡು.

ಪದವು: ಮಣಿಪಾಲ, ಕೊಣಾಜೆ, ಇಂಥ ಮುರಕಲ್ಲಿನ ಗುಡ್ಡೆಗಳು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಮಳೆ ಬಿದ್ರೂ ಜನವರಿ ಮೇಲೆ ಪಾದೆ ಕಾದು ಕೆಂಡ, ಅಲ್ಲಿ ತಡೆದು ನಿಲ್ಲುವ ಮರವೇ ಬೇರೆ. ಗೇರು ಅಂದ್ರೆ ಅನಕಾರ್ಡಿಯಮ್ ಒಕ್ಸಿಡೆಂಟೇಲ್, ಬ್ರೆಜಿಲ್‌ದು, ಪೋರ್ಚುಗೀಸರು ತಂದದ್ದು, ಈಗ ಅದರ ಸಂಶೋಧನಾ ಕೇಂದ್ರವೇ ಪುತ್ತೂರಲ್ಲಿ ಉಂಟು. ಅದರ ಮಧ್ಯೆ ಪೊದೆ ಪೊದೆಯಾಗಿ ಕುಂಟಾಲ, ಸಿಜಿಜಿಯಮ್ ಕ್ಯಾರಿಯೊಫಿಲೇಟಮ್, ಮೇ ತಿಂಗಳಲ್ಲಿ ತಿಂದು ನಾಲಗೆ ನೇರಳೆ ಮಾಡಿಕೊಳ್ಳದ ಊರಿನ ಮಕ್ಕಳೇ ಇರ್ಲಿಲ್ಲ. ದೊಡ್ಡ ನೇರಳೆ ಅದೇ ಬಳಗದ ಸಿಜಿಜಿಯಮ್ ಕ್ಯುಮಿನಿ. ಮತ್ತೆ ಅಕೇಶಿಯಾ. ಅಕೇಶಿಯಾ ಆರಿಕ್ಯುಲಿಫಾರ್ಮಿಸ್, ಆಸ್ಟ್ರೇಲಿಯಾ ಪಪುವಾ ನ್ಯೂಗಿನಿ ಕಡೆದು, ಖಾಲಿ ಗುಡ್ಡೆ ಕಂಡಲ್ಲೆಲ್ಲ ನೆಟ್ಟು ಬಿಟ್ರು. ಸೌದೆಗೆ ಆಗ್ತದೆ, ಒಪ್ತೇನೆ, ಆದ್ರೆ ಅದರ ಅಡಿಯಲ್ಲಿ ಕುಂಟಾಲ ಬರ್ಲಿಕ್ಕೆ ಬಿಡುದಿಲ್ಲ, ನನಗೆ ಆ ಮರದ ಮೇಲೆ ಪ್ರೀತಿ ಇಲ್ಲ. ಅದರ ಎಲೆಯೂ ನಿಜವಾದ ಎಲೆ ಅಲ್ಲ, ತೊಟ್ಟು ಚಪ್ಪಟೆಯಾಗಿ ಎಲೆಯ ಕೆಲಸ ಮಾಡುದು. ಈಗ ತಾನೇ ಮೊಳೆತ ಸಸಿ ಕಿತ್ತು ನೋಡಿದ್ರೆ ಹುಣಸೆ ಥರ ಸಣ್ಣ ಸಣ್ಣ ಎಲೆ ಇರ್ತದೆ, ಆಮೇಲೆ ಅದು ಹೋಗಿ ಚಪ್ಪಟೆ ತೊಟ್ಟು ಬರ್ತದೆ.

ಹಿತ್ತಿಲು, ಬನ, ಕಟ್ಟೆ: ಮನೆ ಬದಿಯದ್ದು ಸುಲಭ, ಅಡಿಗೆಮನೆಗೆ ಎಂತ ಬೇಕೋ ಅದು ಇರ್ತದೆ. ಪುನರ್ಪುಳಿ ಗಾರ್ಸಿನಿಯಾ ಇಂಡಿಕಾ, ದಾರೆಹುಳಿ ಅವೆರೊವಾ ಕ್ಯಾರಂಬೋಲಾ, ಕಾಂಡದಲ್ಲೇ ಗೊಂಚಲು ಗೊಂಚಲು ಕಾಯಿ ಬಿಡುವ ಬಿಂಬುಳಿ ಅದರ ತಂಗಿ ಅವೆರೊವಾ ಬಿಲಿಂಬಿ, ಅಂಬಟೆ ಸ್ಪಾಂಡಿಯಾಸ್ ಪಿನ್ನಾಟಾ. ಕಟ್ಟೆಯಲ್ಲಿ ಅಶ್ವತ್ಥ, ಫೈಕಸ್ ರಿಲಿಜಿಯೋಸಾ. ಗೋಳಿಮರ ಅಂದ್ರೆ ಆಲ, ಫೈಕಸ್ ಬೆಂಗಾಲೆನ್ಸಿಸ್. ನಾಗಬನ ಇದ್ರೆ ಮಾತ್ರ ಪುಸ್ತಕದ ಎರಡು ಪುಟ ಖಾಲಿ ಇಟ್ಟುಕೊಳ್ಳಿ, ಕತ್ತಿ ಹಾಕದ ಜಾಗ ಆದ್ದರಿಂದ ಸುತ್ತಲೆಲ್ಲ ಹೋದ ಮರ ಅಲ್ಲಿ ಉಳಿದಿರ್ತದೆ, ಕಿರಾಲ್‌ಬೋಗಿ ಅಂದ್ರೆ ಹೋಪಿಯಾ ಪಾರ್ವಿಫ್ಲೋರಾ, ಸುರಗಿ ಅಂದ್ರೆ ಮಮ್ಮಿಯಾ ಸುರಿಗಾ, ಒಣಗಿದ ಮೇಲೂ ಪರಿಮಳ ಹೋಗದ ಹೂ. ಒಳಗೆ ಹೋಗುವ ಮೊದಲು ಮನೆಯವರನ್ನು ಕೇಳಿ, ಕೆಲವು ಬನಕ್ಕೆ ಪೂಜೆಯ ದಿನ ಬಿಟ್ಟು ಹೋಗುವ ಕ್ರಮ ಇಲ್ಲ, ಹೊರಗಿಂದಲೇ ಫೋಟೋ ತೆಗೆದ್ರೆ ಸಾಕು.

ತಾಳೆ ಜಾತಿಯದ್ದನ್ನು ಬೇರೆಯೇ ಬರಿರಿ, ಇಲ್ಲಿ ಮೂರು ಮರ ಗಲಿಬಿಲಿ ಆಗುದು. ಈರೋಳು, ಅಂದ್ರೆ ತಾಟಿನುಂಗು, ಸಿಗುವ ತಾರಿ ಬೊರಾಸಸ್ ಫ್ಲಾಬೆಲ್ಲಿಫರ್, ಗಂಡು ಹೆಣ್ಣು ಮರ ಬೇರೆ ಬೇರೆ, ಗಂಡಿನಲ್ಲಿ ಎಷ್ಟು ವರ್ಷ ಕಾದ್ರೂ ಈರೋಳು ಇಲ್ಲ. ಎಲೆ ಮೀನಿನ ಬಾಲದ ಹಾಗೆ ತುಂಡು ತುಂಡಾಗಿದ್ರೆ ಬೈನೆ, ಕ್ಯಾರಿಯೋಟಾ ಯುರೆನ್ಸ್. ಶ್ರೀತಾಳೆ ಕೊರಿಫಾ ಅಂಬ್ರಾಕ್ಯುಲಿಫೆರಾ, ಒಂದು ಎಲೆಯ ಅಡಿಯಲ್ಲಿ ನಾಲ್ಕೈದು ಜನ ಮಳೆಗೆ ನಿಲ್ಲಬಹುದು, ಹಳೇ ತಾಳೆಗರಿ ಗ್ರಂಥ ಬರಿತಿದ್ದದ್ದು ಇದರಲ್ಲಿ. ಮೂವತ್ತರಿಂದ ಎಂಬತ್ತು ವರ್ಷದೊಳಗೆ ಒಂದೇ ಒಂದು ಸಲ ನೆತ್ತಿಯಲ್ಲಿ ಹೂ ಬಿಡುದು, ಗೆಲ್ಲೊಡೆದ ಹೂಗೊಂಚಲಲ್ಲಿ ಇಡೀ ಸಸ್ಯಲೋಕದಲ್ಲೇ ಅದಕ್ಕಿಂತ ದೊಡ್ಡದಿಲ್ಲ, ಕಾಯಿ ಬಲಿತ ಮೇಲೆ ಮರ ಸಾಯ್ತದೆ. ಹೂ ಬಿಟ್ಟದ್ದು ಕಂಡು ಹೆದರಿ, ಅಪಶಕುನ ಅಂತ ಕಡಿದವರೂ ಇದ್ದಾರೆ. ದಯವಿಟ್ಟು ಕಡಿಬೇಡಿ, ಕಾಯಿ ಉದುರುವ ತನಕ ಬಿಡಿ, ಹೆಕ್ಕಿ ನಾಲ್ಕು ಜನಕ್ಕೆ ಕೊಡಿ.

ಮೂರನೇ ಕೆಲಸ: ಎಲೆ, ಹಾಲು, ತೊಗಟೆ ನೋಡುದು

ಹೂವಿಗೆ ಕಾಯ್ತಾ ಕೂತ್ರೆ ವರ್ಷ ಹೋಗ್ತದೆ. ಎಲೆ ಗೆಲ್ಲಿಗೆ ಹೇಗೆ ಜೋಡಿಸಿದೆ ಅಂತ ಮೊದಲು ನೋಡಿ. ಒಂದರ ನಂತರ ಒಂದು ಅಲ್ಲೊಂದು ಇಲ್ಲೊಂದಾ, ಎದುರೆದುರು ಜೋಡಿಯಾ, ಒಂದೇ ಗಂಟಲ್ಲಿ ಸುತ್ತ ನಾಲ್ಕೈದಾ. ಆಮೇಲೆ ಒಂದೇ ಎಲೆಯಾ ಅಥವಾ ಒಂದು ಕಡ್ಡಿಯಲ್ಲಿ ಸಾಲಾಗಿ ಚಿಕ್ಕ ಎಲೆಗಳಾ. ಕಡ್ಡಿ ಬುಡದಲ್ಲಿ ಮೊಗ್ಗು ಎಲ್ಲುಂಟೋ ಅಲ್ಲಿಂದ ಒಂದು ಎಲೆ ಅಂತ ಲೆಕ್ಕ. ಇಷ್ಟರಲ್ಲೇ ಅರ್ಧ ಮರಗಳು ಲಿಸ್ಟಿಂದ ಹೊರಗೆ ಹೋಗ್ತವೆ.

ಇದು ಎಲ್ಲಿ ಜೀವಕ್ಕೇ ಸಂಬಂಧ ಪಡ್ತದೆ ಅಂದ್ರೆ ಆಟಿ ಅಮಾವಾಸ್ಯೆಗೆ, ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳುವಿನ ಆಟಿ ತಿಂಗಳ ಅಮಾವಾಸ್ಯೆ ಅದು. ಪಾಲೆ ಮರದ ಕೆತ್ತೆ, ಅಂದ್ರೆ ಆಲ್ಸ್ಟೋನಿಯಾ ಸ್ಕೊಲಾರಿಸ್‌ನ ತೊಗಟೆ, ಬೆಳಕು ಹರಿಯುವ ಮೊದಲು ಹೋಗಿ ಕಲ್ಲಿನಿಂದ ಗುದ್ದಿ ತಂದು ಕಷಾಯ ಮಾಡುದು ನಮ್ಮ ಕ್ರಮ. ಕತ್ತಲೆ, ಮಳೆ, ಎಲ್ಲ ಮರದ ಕಾಂಡವೂ ಪಾಚಿ ಹಿಡಿದು ಒಂದೇ ಥರ, ಆ ಹೊತ್ತಲ್ಲಿ ಪಕ್ಕದ ಕಾಸರಕದ ತೊಗಟೆ ಬಂದ್ರೆ ಕಥೆ ಮುಗಿದ ಹಾಗೆ. ಕಾಸರಕ ಸ್ಟ್ರಿಕ್ನೋಸ್ ನಕ್ಸ್‌ವೊಮಿಕಾ, ಸ್ಟ್ರಿಕ್ನಿನ್ ಬ್ರೂಸಿನ್ ಅನ್ನುವ ವಿಷ ಇರುದು ಅದರಲ್ಲೇ, ಬೀಜದಲ್ಲೂ ಉಂಟು ತೊಗಟೆಯಲ್ಲೂ ಉಂಟು. ಹಾಗಾಗಿ ಹಿಂದಿನ ದಿನ ಹಗಲಲ್ಲೇ ಹೋಗಿ ಮರ ಗುರ್ತು ಮಾಡಿ ಒಂದು ಬಣ್ಣದ ಬಟ್ಟೆ ಕಟ್ಟಿ ಬನ್ನಿ. ಪಾಲೆಗೆ ಒಂದು ಗಂಟಲ್ಲಿ ಸುತ್ತಲೂ ನಾಲ್ಕರಿಂದ ಏಳೆಂಟು ಎಲೆ, ಎಲೆಯ ನಡು ನರದಿಂದ ಸಪೂರ ನರಗಳು ಬಾಚಣಿಗೆ ಹಾಕಿದ ಹಾಗೆ ಒತ್ತೊತ್ತಾಗಿ, ಎಲೆ ಮುರಿದ್ರೆ ಬಿಳಿ ಹಾಲು. ಕಾಸರಕಕ್ಕೆ ಎಲೆ ಎದುರೆದುರು ಜೋಡಿ, ಬುಡದಿಂದಲೇ ಮೂರು ಅಥವಾ ಐದು ದಪ್ಪ ನರ ತುದಿಯ ಕಡೆ ಹೋಗುದು, ಹಾಲು ಇಲ್ಲ, ಹಣ್ಣು ಕಿತ್ತಳೆ ಬಣ್ಣದ ಉಂಡೆ. ಹಾಲು ಬಂತು ಅಂತ ಅಷ್ಟಕ್ಕೇ ನಂಬಬೇಡಿ, ಹಾಲು ಬರುವ ಬೇರೆ ವಿಷದ ಮರಗಳೂ ನಮ್ಮಲ್ಲಿ ಉಂಟು, ಮೂರೂ ಗುರ್ತು ಸೇರ್ಬೇಕು. ಸ್ವಲ್ಪವಾದ್ರೂ ಡೌಟ್ ಇದ್ರೆ ಆ ವರ್ಷ ಬರೀ ಮೆಂತೆ ಗಂಜಿ ಉಂಡ್ರೆ ಸಾಕು, ದೈವ ಎಂತ ಕೋಪ ಮಾಡುದಿಲ್ಲ.

ಹಾಲು ನೋಡ್ಲಿಕ್ಕೆ ಅಂತ ಕಂಡ ಕಂಡ ಮರಕ್ಕೆ ಉಗುರು ಹಾಕ್ಲಿಕ್ಕೂ ಹೋಗ್ಬೇಡಿ. ಹೊಲಿಗಾರ್ನಾ ಅನ್ನುವ ಜಾತಿ ಉಂಟು, ನಮ್ಮ ಕಡೆ ಚೇರೆ ಅಂತಾರೆ, ಗೇರು ಮಾವಿನ ಕುಟುಂಬದ್ದೇ. ಅದರ ರಸ ಗಾಳಿ ತಾಗಿದ ಕೂಡ್ಲೆ ಕಪ್ಪಾಗ್ತದೆ, ಮೈಗೆ ತಾಗಿದ್ರೆ ಬೊಕ್ಕೆ ಎದ್ದು ಮುಖ ಬೀಗುದು, ಕೆಲವರಿಗಂತೂ ಅದರ ಅಡಿಯಲ್ಲಿ ಹೋದ್ರೂ ಸಾಕು. ತೊಗಟೆಯಲ್ಲಿ ಕರಿ ಡಾಂಬರು ಹರಿದ ಗೆರೆ ಕಂಡ್ರೆ ಕೈ ಹಿಂದೆ ತೆಗೊಳ್ಳಿ.

ನಾಲ್ಕನೇ ಕೆಲಸ: ಫೋಟೋ, ಆಪ್

ಫೋಟೋ ಅಂದ್ರೆ ದೂರದಿಂದ ಇಡೀ ಮರದ್ದು ಒಂದು ತೆಗೆದು ವಾಟ್ಸಾಪಲ್ಲಿ ಇದು ಯಾವ ಮರ ಅಂತ ಕೇಳುವವರೇ ಹೆಚ್ಚು, ಅದಕ್ಕೆ ಬ್ರಹ್ಮನೂ ಉತ್ತರ ಹೇಳ್ಲಿಕ್ಕಿಲ್ಲ. ಎಲೆಯ ಮೇಲ್ಮೈ, ಎಲೆಯ ಅಡಿ, ಎಲೆಗಳು ಗೆಲ್ಲಿಗೆ ಸೇರುವ ಜಾಗ, ತೊಗಟೆ, ಹೂವೋ ಕಾಯೋ ಇದ್ದದ್ದು, ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಸೈಜ್ ಗೊತ್ತಾಗುವ ಹಾಗೆ. ನೆಲದಲ್ಲಿ ಬಿದ್ದ ಹೂ ಹಣ್ಣು ಆ ಮರದ್ದೇ ಹೌದಾ ಅಂತ ಮೇಲೆ ನೋಡಿ ಖಾತ್ರಿ ಮಾಡಿಕೊಳ್ಳಿ, ಪಕ್ಕದ ಮರದ್ದು ಗಾಳಿಗೆ ಬಂದು ಬಿದ್ದಿರ್ತದೆ.

ಗೂಗಲ್ ಲೆನ್ಸ್ ಗುಲ್‌ಮೊಹರ್, ಮಳೆಮರ ಇಂಥದ್ದನ್ನು ಸರಿ ಹೇಳ್ತದೆ, ಯಾಕಂದ್ರೆ ಪ್ರಪಂಚ ಇಡೀ ಅದರ ಫೋಟೋ ಉಂಟು. ನಮ್ಮ ಕಿರಾಲ್‌ಬೋಗಿಯನ್ನೋ ಹೆಬ್ಬಲಸನ್ನೋ ತೋರಿಸಿದ್ರೆ ಎಂತೆಂತದೋ ಹೇಳುದು. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದ್ರೆ ಮನುಷ್ಯರೇ ನೋಡಿ ಸರಿ ಮಾಡ್ತಾರೆ, ಸ್ವಲ್ಪ ತಾಳ್ಮೆ ಬೇಕಷ್ಟೆ. ಶ್ರೀಗಂಧದಂಥ ಮರ ಹಾಕುವಾಗ ಲೊಕೇಶನ್ ಮರೆಮಾಡಿ, ಕಳ್ಳರಿಗೆ ಮ್ಯಾಪ್ ಕೊಟ್ಟ ಹಾಗಾಗ್ಬಾರ್ದು. ಹೆಸರು ಗೊತ್ತಿರುವ ಮರದ ಹತ್ರ ನಿಂತು ಕಲಿಬೇಕು ಅಂತಿದ್ರೆ ಪಿಲಿಕುಳದ ಅರ್ಬೊರೇಟಂ, ತಣ್ಣೀರುಬಾವಿಯ ಟ್ರೀ ಪಾರ್ಕ್ ಎರಡೂ ಮಂಗಳೂರಲ್ಲೇ ಉಂಟು, ಭಾನುವಾರ ಜನ ಜಾಸ್ತಿ, ವಾರದ ಮಧ್ಯೆ ಹೋಗಿ.

ಐದನೇ ಕೆಲಸ: ಸೈಂಟಿಫಿಕ್ ಹೆಸರು ಸರಿ ಬರಿಯುದು

ಈ ಎರಡು ಶಬ್ದದ ಪದ್ಧತಿ ಗಿಡಗಳಿಗೆ ಸರಿಯಾಗಿ ಶುರುವಾದದ್ದು 1753ರಲ್ಲಿ, ಸ್ವೀಡನ್ನಿನ ಕಾರ್ಲ್ ಲಿನೆಯಸ್‌ನಿಂದ. ಮೊದಲನೇ ಶಬ್ದ ಮನೆತನದ ಹೆಸರಿದ್ದ ಹಾಗೆ, ಎರಡನೇದು ಆ ಮನೆಯೊಳಗೆ ಯಾರು ಅಂತ. ಇಂಗ್ಲಿಷ್ ಅಕ್ಷರದಲ್ಲಿ ಬರಿಯುವಾಗ ಮೊದಲ ಶಬ್ದದ ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್, ಎರಡನೇ ಶಬ್ದ ಪೂರ್ತಿ ಸಣ್ಣ ಅಕ್ಷರ, ಟೈಪ್ ಮಾಡುದಾದ್ರೆ ಇಟಾಲಿಕ್, ಕೈಯಲ್ಲಿ ಬರಿಯುದಾದ್ರೆ ಅಡಿಗೆರೆ. ಕೊನೆಗೆ ಎಲ್ ಅಂತ ಒಂದೇ ಅಕ್ಷರ ಇದ್ರೆ ಲಿನೆಯಸ್ ಇಟ್ಟ ಹೆಸರು ಅಂತರ್ಥ, ಮಾವಿಗೆ ಹಾಗೇ ಇರ್ತದೆ. ಒಂದು ಹೆಸರು ಬ್ರಾಕೆಟ್ ಒಳಗೆ ಒಂದು ಹೊರಗೆ ಇದ್ರೆ, ಒಳಗಿನವರು ಮೊದಲು ಬೇರೆ ಮನೆತನದಲ್ಲಿ ಸೇರಿಸಿದ್ರು, ಹೊರಗಿನವರು ಈಗಿನದ್ದಕ್ಕೆ ತಂದ್ರು. ಪಾಲೆಯಲ್ಲಿ ಬ್ರಾಕೆಟ್ ಒಳಗೆ ಲಿನೆಯಸ್, ಹೊರಗೆ ರಾಬರ್ಟ್ ಬ್ರೌನ್.

ಹೆಸರು ಬದಲಾಗ್ತದೆ ಅಂತ ತಲೆಬಿಸಿ ಮಾಡ್ಬೇಡಿ. ಸಂಪಿಗೆಯನ್ನು ನಾವು ಓದುವಾಗ ಮಿಚೇಲಿಯಾ ಚಂಪಕಾ ಅಂತ ಇತ್ತು, ಈಗ ಮ್ಯಾಗ್ನೋಲಿಯಾ. ಹೊಂಗೆ ಪೊಂಗಾಮಿಯಾದಿಂದ ಮಿಲ್ಲೆಟಿಯಾಕ್ಕೆ ಹೋಗಿ ಪುನಃ ಪೊಂಗಾಮಿಯಾಕ್ಕೆ ಬಂತು. ಪಟ್ಟಿ ಮಾಡುವಾಗ ಲಂಡನ್ನಿನ ಕ್ಯೂ ಗಾರ್ಡನ್ನಿನವರ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ವೆಬ್‌ಸೈಟಲ್ಲಿ ಹಳೇ ಹೆಸರು ಹಾಕಿ ಹುಡುಕಿ, ಈಗ ಯಾವುದು ನಡೆಯುದು ಅಂತ ಅದೇ ತೋರಿಸ್ತದೆ, ಮೂಲ ಯಾವ ದೇಶ ಅಂತಲೂ ಮ್ಯಾಪಲ್ಲಿ ಕಾಣ್ತದೆ. ಹಳೇ ಹೆಸರನ್ನು ಅಳಿಸ್ಬೇಡಿ, ಪಕ್ಕದಲ್ಲಿ ಇಟ್ಟುಕೊಳ್ಳಿ, ಯಾಕಂದ್ರೆ ಹಳೇ ಪುಸ್ತಕ, ಮದ್ದಿನ ಡಬ್ಬಿ ಎಲ್ಲ ಹಳೇ ಹೆಸರಲ್ಲೇ ಇರುದು. ಉಪ್ಪಾಗೆ ಈಗ ಗಾರ್ಸಿನಿಯಾ ಗಮ್ಮಿಗುಟ್ಟಾ, ತೂಕ ಇಳಿಸುವ ಮಾತ್ರೆಯ ಡಬ್ಬಿಯಲ್ಲಿ ಇನ್ನೂ ಗಾರ್ಸಿನಿಯಾ ಕಂಬೋಜಿಯಾ.

ಮರಕ್ಕೆ ಬೋರ್ಡ್ ಹಾಕುದಾದ್ರೆ ಮೊಳೆ ಹೊಡಿಬೇಡಿ. ಸಡಿಲವಾಗಿ ಹಗ್ಗ ಕಟ್ಟಿ ಅಥವಾ ಬುಡದಲ್ಲಿ ಒಂದು ಗೂಟ ಹುಗಿದು ಅದಕ್ಕೆ ಹಾಕಿ, ತುಳು ಹೆಸರು ಮೇಲೆ ದೊಡ್ಡದಾಗಿ, ಸೈಂಟಿಫಿಕ್ ಹೆಸರು ಕೆಳಗೆ.

ಇನ್ನು ನರ್ಸರಿ

ಸೈಂಟಿಫಿಕ್ ಹೆಸರಿನ ನಿಜವಾದ ಲಾಭ ಗೊತ್ತಾಗುದು ದುಡ್ಡು ಕೊಡುವಾಗ. ಅಶೋಕ ಬೇಕು ಅಂದ್ರೆ ಹೆಚ್ಚಿನ ಕಡೆ ಕೊಡುದು ಕಂಪೌಂಡ್ ಬದಿಯಲ್ಲಿ ಕಂಬದ ಹಾಗೆ ನೆಟ್ಟಗೆ ಹೋಗುವ, ಅಂಚು ಅಲೆ ಅಲೆಯಾದ ಒಂಟಿ ಎಲೆಯ ಮರ, ಅದು ಮೊನೂನ್ ಲಾಂಗಿಫೋಲಿಯಮ್, ಹಳೇ ಹೆಸರು ಪಾಲಿಯಾಲ್ತಿಯಾ. ಸೀತೆ ಕೂತದ್ದು ಅಂತ ಹೇಳುವ, ಅಶೋಕಾರಿಷ್ಟಕ್ಕೆ ಬೇಕಾದ ಅಶೋಕ ಸರಾಕಾ ಅಸೋಕಾ, ಒಂದು ಕಡ್ಡಿಯಲ್ಲಿ ನಾಲ್ಕೈದು ಜೊತೆ ಎಲೆ, ಎಳೆ ಚಿಗುರು ತಾಮ್ರದ ಬಣ್ಣದಲ್ಲಿ ಜೋತು ಬಿದ್ದಿರ್ತದೆ, ಹೂ ಕಿತ್ತಳೆ ಕೆಂಪು, ಕಾಂಡದಲ್ಲೇ ಗೊಂಚಲು ಬರುದು. ರಕ್ತಚಂದನ ಅಂತ ಕೆಂಪು ಮಣಿ ಬೀಜದ ಗಿಡ ಮಾರುದೂ ಉಂಟು, ಆ ಮಣಿ ಬೀಜದ್ದು ಅಡೆನಾಂತೆರಾ ಪಾವೊನಿನಾ, ಎಲೆ ಚೂರು ಚೂರು. ನಿಜವಾದ ರಕ್ತಚಂದನ ಟೆರೊಕಾರ್ಪಸ್ ಸ್ಯಾಂಟಲಿನಸ್, ಕಡ್ಡಿಗೆ ಹೆಚ್ಚಾಗಿ ಮೂರೇ ದಪ್ಪ ಎಲೆ, ಆಂಧ್ರದ ಒಣ ಗುಡ್ಡೆಯ ಮರ ಅದು, ನಮ್ಮ ಮಳೆಗೆ ಕೋಟಿಗಟ್ಟಲೆ ಲಾಭ ಬರ್ತದೆ ಅಂತ ಯಾರಾದ್ರೂ ಹೇಳಿದ್ರೆ ನಕ್ಕು ಬಿಡಿ.

ಪುನರ್ಪುಳಿಯಲ್ಲಿ ಹೆಸರು ಸರಿ ಇದ್ರೂ ಮೋಸ ಆಗುದುಂಟು. ಗಂಡು ಮರ ಹೆಣ್ಣು ಮರ ಬೇರೆ, ಬೀಜದಿಂದ ಮಾಡಿದ ಸಸಿಯಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು ಬರ್ತದೆ, ಹೂ ಬಿಡುವ ತನಕ ಗೊತ್ತಾಗುದೂ ಇಲ್ಲ, ಅದಕ್ಕೆ ಏಳೆಂಟು ವರ್ಷ ಬೇಕು. ಹಾಗಾಗಿ ಕೇಳುವಾಗ ಗಾರ್ಸಿನಿಯಾ ಇಂಡಿಕಾ, ಹೆಣ್ಣು ಮರದ ಕಸಿ ಗಿಡ ಅಂತಲೇ ಕೇಳಿ, ಕಸಿ ಕಟ್ಟಿದ ಗಂಟು ಕೈಯಲ್ಲಿ ಮುಟ್ಟಿ ನೋಡಿ ತೆಗೊಳ್ಳಿ, ಜೂನಲ್ಲಿ ನಾಲ್ಕು ಮಳೆ ಬಿದ್ದ ಮೇಲೆ ನೆಡಿ, ಆ ಗಂಟು ಮಣ್ಣಿನ ಮೇಲೆಯೇ ಇರ್ಬೇಕು, ಅದರ ಕೆಳಗಿಂದ ಬಂದ ಚಿಗುರನ್ನು ಆಗಾಗ ಚಿವುಟ್ತಾ ಇರಿ.